ಚಾರ್ಟ್ ಓದುವ ಕಣ್ಣು ಪುಸ್ತಕದ ಮುಂದೆ ಯಾಕೆ ಸೋಲುತ್ತದೆ? ವಿಷನ್ ಥೆರಪಿ ಯಾರಿಗೆ, ಎಷ್ಟರ ಮಟ್ಟಿಗೆ

"ಕಣ್ಣು ಸರಿ ಉಂಟು, ಕನ್ನಡಕ ಬೇಡ." ಶಾಲೆಯ ಕಣ್ಣಿನ ಶಿಬಿರದಿಂದ ಈ ಮಾತು ಬಂದರೆ ಮನೆಯವರಿಗೆ ನೆಮ್ಮದಿ. ಆದರೆ ಕೆಲವು ಮಕ್ಕಳ ಮಟ್ಟಿಗೆ ಕಷ್ಟ ಶುರುವಾಗುವುದೇ ಅಲ್ಲಿಂದ. ಕಣ್ಣಿನಲ್ಲಿ ದೋಷ ಇಲ್ಲ ಅಂತ ಆದ ಮೇಲೆ ಪುಸ್ತಕ ಹಿಡಿದ ಹತ್ತು ನಿಮಿಷಕ್ಕೆ ತಲೆನೋವು ಅನ್ನುವುದು, ಓದುವಾಗ ಒಂದು ಸಾಲು ಬಿಟ್ಟು ಇನ್ನೊಂದಕ್ಕೆ ಹಾರುವುದು, ಬೋರ್ಡಿನಿಂದ ನೋಟ್ಸ್ ಬರೆಯುವುದರಲ್ಲಿ ಕ್ಲಾಸಿಗೇ ಹಿಂದೆ ಬೀಳುವುದು, ಎಲ್ಲವೂ ಸೋಮಾರಿತನದ ಲೆಕ್ಕಕ್ಕೆ ಹೋಗುತ್ತದೆ. "ಮೊಬೈಲ್ ಕೊಟ್ಟರೆ ಎರಡು ಗಂಟೆ ಕೂತುಕೊಳ್ತಾನೆ, ಪುಸ್ತಕ ಕೊಟ್ಟರೆ ಮಾತ್ರ ಕಣ್ಣು ಉರಿ" ಅಂತ ಉಮ್ಮಂದಿರು ಹೇಳುವುದು ಇದೇ ಕಾರಣಕ್ಕೆ. ಗಲ್ಫಿನಿಂದ ವಿಡಿಯೊ ಕಾಲ್ ಮಾಡುವ ಉಪ್ಪನಿಗೆ ಕಾಣುವುದು ಮಾರ್ಕ್ಸ್ ಕಾರ್ಡ್ ಮಾತ್ರ.

ಇಂಥ ಮಕ್ಕಳಲ್ಲಿ ಕೆಲವರಿಗೆ ನಿಜವಾಗಿಯೂ ಕಣ್ಣಿನ ಸಮಸ್ಯೆ ಇರುತ್ತದೆ. ಅದು ಚಾರ್ಟಿನಲ್ಲಿ ಕಾಣುವುದಿಲ್ಲ, ಅಷ್ಟೆ. ಅಂಥವರಿಗೆ ವಿಷನ್ ಥೆರಪಿ ಎಂಬ ಅಭ್ಯಾಸ ಚಿಕಿತ್ಸೆಯಿಂದ ಒಳ್ಳೆಯ ಗುಣ ಸಿಗುವುದು ಸಂಶೋಧನೆಯಲ್ಲಿ ಸಾಬೀತಾಗಿದೆ. ಅದರ ಜೊತೆಗೇ ಇನ್ನೊಂದು ಮಾತನ್ನೂ ಹೇಳಬೇಕು. ಇದೇ ಹೆಸರಿನಲ್ಲಿ ಕನ್ನಡಕ ಬಿಡಿಸುತ್ತೇವೆ, ಡಿಸ್ಲೆಕ್ಸಿಯಾ ಗುಣಪಡಿಸುತ್ತೇವೆ, ಮಗುವಿನ ಬುದ್ಧಿ ಚುರುಕು ಮಾಡುತ್ತೇವೆ ಎಂದು ಹಣ ಕೀಳುವ ಜಾಹೀರಾತುಗಳೂ ಓಡಾಡುತ್ತಿವೆ. ಎರಡರ ನಡುವಿನ ಗೆರೆ ಎಲ್ಲಿದೆ ಅಂತ ತಿಳಿಯದೆ ಹೋದರೆ ಹಣವೂ ಹೋಗುತ್ತದೆ, ಮಗುವಿನ ಒಂದೆರಡು ವರ್ಷವೂ ಹೋಗುತ್ತದೆ.

ಚಾರ್ಟ್ ಅಳೆಯುವುದು ಏನನ್ನು?

ದೊಡ್ಡ ಅಕ್ಷರದಿಂದ ಸಣ್ಣ ಅಕ್ಷರಕ್ಕೆ ಇಳಿಯುವ ಆ ಚಾರ್ಟನ್ನು 1862ರಲ್ಲಿ ರೂಪಿಸಿದವರು ನೆದರ್‌ಲ್ಯಾಂಡ್ಸ್‌ನ ಕಣ್ಣಿನ ವೈದ್ಯ ಹರ್ಮನ್ ಸ್ನೆಲೆನ್. ಅಳತೆ ಬಹಳ ಸರಳ. ಸಾಮಾನ್ಯ ಕಣ್ಣು ಆರು ಮೀಟರ್ ದೂರದಿಂದ ಓದಬಹುದಾದ ಸಾಲನ್ನು ನೀವೂ ಆರು ಮೀಟರ್‌ನಿಂದ ಓದಿದರೆ ನಿಮ್ಮ ದೃಷ್ಟಿ 6/6. ನೂರೈವತ್ತು ವರ್ಷ ದಾಟಿದರೂ ಇದಕ್ಕಿಂತ ಸುಲಭದ, ಅಗ್ಗದ ಪರೀಕ್ಷೆ ಬಂದಿಲ್ಲ. ಲಕ್ಷಾಂತರ ಮಕ್ಕಳ ದೂರದೃಷ್ಟಿಯ ದೋಷ ಇದರಿಂದಲೇ ಪತ್ತೆಯಾಗುತ್ತಿದೆ.

ಆದರೆ ಮಗು ಚಾರ್ಟನ್ನು ಓದುವುದು ಹೇಗೆ ಅಂತ ಒಮ್ಮೆ ಯೋಚಿಸಿ. ದೂರದಲ್ಲಿ, ಒಂದು ಸಲಕ್ಕೆ ಒಂದೇ ಕಣ್ಣಿನಲ್ಲಿ, ಅಲುಗಾಡದೆ ನಿಂತ ಬಿಡಿ ಅಕ್ಷರಗಳನ್ನು, ಕೆಲವು ಸೆಕೆಂಡ್ ಮಾತ್ರ. ಪುಸ್ತಕ ಓದುವುದು ಇದರ ತದ್ವಿರುದ್ಧ: ಒಂದು ಮೊಳಕ್ಕಿಂತ ಹತ್ತಿರದಲ್ಲಿ, ಎರಡೂ ಕಣ್ಣು ಒಟ್ಟಿಗೆ ಬಳಸಿ, ಸಣ್ಣ ಅಕ್ಷರಗಳ ಸಾಲಿನ ಮೇಲೆ ಸಾಲು, ಗಂಟೆಗಟ್ಟಲೆ. ಮೊದಲನೆಯದರಲ್ಲಿ ಪಾಸಾದ ಮಾತ್ರಕ್ಕೆ ಎರಡನೆಯದರಲ್ಲೂ ಪಾಸು ಅನ್ನಲಾಗುವುದಿಲ್ಲ.

ಹತ್ತಿರದ ಅಕ್ಷರ ಓದುವಾಗ ಕಣ್ಣು ಮುಖ್ಯವಾಗಿ ಮೂರು ಕೆಲಸ ಮಾಡಬೇಕು. ಕಣ್ಣಿನೊಳಗಿನ ಮಸೂರ ಉಬ್ಬಿ ಫೋಕಸ್ ಹಿಡಿಯಬೇಕು. ಎರಡೂ ಕಣ್ಣುಗುಡ್ಡೆಗಳು ಮೂಗಿನ ಕಡೆಗೆ ಸ್ವಲ್ಪ ತಿರುಗಿ ಒಂದೇ ಅಕ್ಷರದ ಮೇಲೆ ನಿಲ್ಲಬೇಕು. ಆಮೇಲೆ ಸಾಲಿನ ಉದ್ದಕ್ಕೂ ಸಾಗಬೇಕು. ಓದುವಾಗ ಕಣ್ಣು ನೀರಿನ ಹಾಗೆ ಹರಿಯುತ್ತದೆ ಅಂತ ನಮಗೆ ಅನಿಸುತ್ತದೆ, ಹಾಗೆ ಇಲ್ಲ. ಅದು ಕುಪ್ಪಳಿಸುತ್ತದೆ. ಒಂದು ಕಡೆ ಸುಮಾರು ಕಾಲು ಸೆಕೆಂಡ್ ನಿಂತು, ಮುಂದಕ್ಕೆ ಹಾರಿ, ಮತ್ತೆ ನಿಂತು, ಆಗಾಗ ಒಂದು ಹೆಜ್ಜೆ ಹಿಂದಕ್ಕೂ ಬಂದು ಹೋಗುತ್ತದೆ. ಓದಿನ ಈ ಕುಪ್ಪಳಿಸುವ ನಡೆಯನ್ನು 19ನೇ ಶತಮಾನದ ಕೊನೆಯ ಭಾಗದಲ್ಲಿ ಗುರುತಿಸಿದ್ದು ಪ್ಯಾರಿಸ್‌ನ ಕಣ್ಣಿನ ವೈದ್ಯ ಎಮಿಲ್ ಜವಾಲ್ ಅವರ ಪ್ರಯೋಗಾಲಯ. ಮೆಳ್ಳೆಗಣ್ಣನ್ನು ಅಭ್ಯಾಸದಿಂದ ತಿದ್ದುವ ಪ್ರಯತ್ನವನ್ನು ಶಾಸ್ತ್ರೀಯವಾಗಿ ಶುರು ಮಾಡಿದವರೂ ಅವರೇ. ಇಂದಿನ ವಿಷನ್ ಥೆರಪಿಯ ಬೇರು ಅಲ್ಲಿದೆ. ಜಗತ್ತಿಗೆ ಓದುವ ಕಣ್ಣಿನ ಗುಟ್ಟು ಹೇಳಿದ ಆ ಮನುಷ್ಯ ಕೊನೆಗಾಲದಲ್ಲಿ ಗ್ಲಾಕೋಮಾದಿಂದ ಪೂರ್ತಿ ಕುರುಡಾದರು ಎಂಬುದು ಬೇರೆ ಕತೆ.

ನಮ್ಮ ಗಡಿನಾಡಿನ ಮಕ್ಕಳ ಕಣ್ಣಿಗೆ ಇರುವ ಕೆಲಸ ಇನ್ನೂ ಸ್ವಲ್ಪ ಹೆಚ್ಚೇ. ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡೆ ಕನ್ನಡ ಮಾಧ್ಯಮದಲ್ಲಿ ಕಲಿಯುವ ಬ್ಯಾರಿ ಮಗುವಿನ ಒಂದು ದಿನ ನೋಡಿ. ಮನೆಯಲ್ಲಿ ಬ್ಯಾರಿ ಭಾಷೆ. ಬೆಳಗ್ಗೆ ಮದ್ರಸದಲ್ಲಿ ಬಲದಿಂದ ಎಡಕ್ಕೆ ಅರಬಿ, ಅಕ್ಷರದ ಮೇಲೆ ಕೆಳಗೆ ಚುಕ್ಕಿ ಮತ್ತು ಸಣ್ಣ ಗೀರು. ಒಂದು ಚುಕ್ಕಿ ತಪ್ಪಿದರೆ ಅಕ್ಷರವೇ ಬೇರೆ. ಅಲ್ಲಿಂದ ಶಾಲೆಗೆ ಬಂದರೆ ಎಡದಿಂದ ಬಲಕ್ಕೆ ಕನ್ನಡ, ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. ಜೊತೆಗೆ ಇಂಗ್ಲಿಷ್, ಮಲಯಾಳಂ. ಆರೋಗ್ಯವಂತ ಕಣ್ಣಿಗೆ ಇದೇನೂ ಹೊರೆಯಲ್ಲ, ಮಕ್ಕಳು ನಾಲ್ಕು ಲಿಪಿಯನ್ನೂ ಆಟದ ಹಾಗೆ ಕಲಿಯುತ್ತಾರೆ. ಆದರೆ ಅಕ್ಷರ ಎರಡೆರಡಾಗಿ ಕಾಣುವ ಮಗುವಿಗೆ ಚುಕ್ಕಿಯೂ ಒತ್ತೂ ಕಲಸಿಹೋದರೆ ಅದು ಉಸ್ತಾದರಿಗೆ ಕಾಣುವುದು ಅಜಾಗ್ರತೆಯಾಗಿ, ಟೀಚರಿಗೆ ಕಾಣುವುದು ಪಾಠ ಕಲಿಯದ ತಪ್ಪಾಗಿ.

ಎರಡು ಕಣ್ಣು ಕೂಡದಾಗ

ಹತ್ತಿರದ ಕೆಲಸದಲ್ಲಿ ಎರಡೂ ಕಣ್ಣು ಸಾಕಷ್ಟು ಒಳಕ್ಕೆ ತಿರುಗಿ ಕೂಡಿ ನಿಲ್ಲಲಾರದ ಸ್ಥಿತಿಗೆ ವೈದ್ಯರು ಕನ್ವರ್ಜೆನ್ಸ್ ಇನ್‌ಸಫಿಶಿಯೆನ್ಸಿ ಅನ್ನುತ್ತಾರೆ. ಒಳಮುಖ ತಿರುಗುವ ಶಕ್ತಿ ಸಾಲದು ಅಂತ ಅರ್ಥ. ಹೊರಗಿನಿಂದ ನೋಡಿದರೆ ಕಣ್ಣು ನೇರವಾಗಿಯೇ ಇರುತ್ತದೆ, ಮೆಳ್ಳೆ ಕಾಣುವುದಿಲ್ಲ. ಓದಲು ಕೂತಾಗ ಮಾತ್ರ ಕಣ್ಣುಗಳು ಹೊರಕ್ಕೆ ಜಾರಲು ನೋಡುತ್ತವೆ, ಮಗು ಪ್ರಯಾಸದಿಂದ ಅವನ್ನು ಒಳಕ್ಕೆ ಎಳೆದು ಹಿಡಿಯುತ್ತದೆ. ಎಳೆದು ಹಿಡಿಯುವಾಗ ತಲೆನೋವು, ಕಣ್ಣುನೋವು. ಬಿಟ್ಟುಬಿಟ್ಟರೆ ಅಕ್ಷರ ಎರಡಾಗಿ ಕಾಣುವುದು, ಅಲುಗಾಡಿದಂತೆ, ಈಜಿದಂತೆ ಕಾಣುವುದು. ಎಷ್ಟೋ ಮಕ್ಕಳು ಒಂದು ಕಣ್ಣನ್ನು ಕೈಯಿಂದ ಮುಚ್ಚಿ ಓದುತ್ತಾರೆ, ಇಲ್ಲವೇ ತಲೆಯನ್ನು ಒಂದು ಕಡೆ ವಾಲಿಸಿ ಡೆಸ್ಕಿನ ಮೇಲೆ ಮಲಗಿದಂತೆ ಬರೆಯುತ್ತಾರೆ. ಬೈಯುವ ಮೊದಲು ಯಾಕೆ ಹೀಗೆ ಕೂರುತ್ತಾನೆ ಅಂತ ಕೇಳಬೇಕಾದದ್ದು ಇಲ್ಲಿ.

ಮಗು ಮಾತ್ರ "ನನಗೆ ಅಕ್ಷರ ಎರಡು ಕಾಣ್ತದೆ" ಅಂತ ತಾನಾಗಿ ಹೇಳುವುದು ಅಪರೂಪ. ಹುಟ್ಟಿದಾಗಿನಿಂದ ಹಾಗೆಯೇ ನೋಡಿದ್ದರೆ ಎಲ್ಲರಿಗೂ ಹೀಗೆಯೇ ಕಾಣುತ್ತದೆ ಅಂತ ಅದು ತಿಳಿದುಕೊಂಡಿರುತ್ತದೆ. ನಾವೇ ಕೇಳಬೇಕು. ಇನ್ನು ಆ ಮೊಬೈಲಿನ ವಾದ. ವಿಡಿಯೊ ನೋಡುವಾಗ ಸಣ್ಣ ಅಕ್ಷರದ ಸಾಲು ಹಿಡಿದು ಸಾಗುವ ಕೆಲಸ ಇಲ್ಲ, ಚಿತ್ರ ಒಂದು ಕ್ಷಣ ಮಸುಕಾದರೂ ಕತೆ ತಪ್ಪುವುದಿಲ್ಲ. ಹಾಗಾಗಿ ಮೊಬೈಲ್ ನೋಡಬಲ್ಲ ಮಗು ಪುಸ್ತಕವನ್ನೂ ಓದಬಲ್ಲದು ಎಂಬ ಲೆಕ್ಕ ಸರಿಯಲ್ಲ.

ಇದು ಎಷ್ಟು ಮಕ್ಕಳಲ್ಲಿದೆ? ಪಕ್ಕದ ತಮಿಳುನಾಡಿನಲ್ಲಿ ಚೆನ್ನೈನ ಶಂಕರ ನೇತ್ರಾಲಯದ ತಂಡ 7ರಿಂದ 17 ವರ್ಷದ 920 ಶಾಲಾ ಮಕ್ಕಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೆಳ್ಳೆ ಇಲ್ಲದಿದ್ದರೂ ಎರಡು ಕಣ್ಣಿನ ಹೊಂದಾಣಿಕೆಯಲ್ಲಿ ಅಥವಾ ಫೋಕಸ್‌ನಲ್ಲಿ ಒಂದಲ್ಲ ಒಂದು ಕೊರತೆ ಇರುವ ಮಕ್ಕಳು ನಗರದಲ್ಲೂ ಹಳ್ಳಿಯಲ್ಲೂ ಶೇಕಡಾ 30ರ ಆಸುಪಾಸು ಸಿಕ್ಕಿದರು. ಅದರಲ್ಲಿ ಹೆಚ್ಚು ಕಂಡದ್ದು ಈ ಕನ್ವರ್ಜೆನ್ಸ್ ಕೊರತೆಯೇ. ಇಷ್ಟೂ ಮಕ್ಕಳಿಗೆ ಚಿಕಿತ್ಸೆ ಬೇಕು ಅಂತ ಇದರ ಅರ್ಥವಲ್ಲ. ಅಳತೆಯಲ್ಲಿ ಕೊರತೆ ಇದ್ದೂ ತೊಂದರೆ ಪಡದ ಮಕ್ಕಳು ಇರುತ್ತಾರೆ, ಅವರನ್ನು ಅವರ ಪಾಡಿಗೆ ಬಿಡಬಹುದು. ಕೊರತೆಯೂ ಇದ್ದು, ಓದುವಾಗ ಕಷ್ಟವೂ ಆಗುತ್ತಿದ್ದರೆ ಮಾತ್ರ ಚಿಕಿತ್ಸೆಯ ಪ್ರಶ್ನೆ.

ಪತ್ತೆ ಮಾಡುವುದು ಕಷ್ಟದ ಕೆಲಸವಲ್ಲ. ಒಂದು ಸಣ್ಣ ಗುರುತನ್ನು ಮೂಗಿನ ಕಡೆಗೆ ನಿಧಾನ ತರುತ್ತಾ, ಅದು ಎರಡಾಗುವುದು ಎಷ್ಟು ದೂರದಲ್ಲಿ ಅಂತ ನೋಡುತ್ತಾರೆ. ಸಾಮಾನ್ಯವಾಗಿ ಆರು ಸೆಂಟಿಮೀಟರ್‌ಗಿಂತ ಹತ್ತಿರದವರೆಗೂ ಅದು ಒಂದಾಗಿಯೇ ಉಳಿಯಬೇಕು. ಜೊತೆಗೆ ಪ್ರಿಸಂ ಗಾಜಿನಿಂದ ಕಣ್ಣುಗಳ ಕೂಡುವ ಶಕ್ತಿಯ ಅಳತೆ, ಫೋಕಸ್‌ನ ಅಳತೆ, ಓದುವಾಗಿನ ತೊಂದರೆಗಳ ಬಗ್ಗೆ ಹದಿನೈದು ಪ್ರಶ್ನೆ. ಮನೆಯಲ್ಲಿ ಪೆನ್ನು ಹಿಡಿದು ನೋಡಿದರೆ ಒಂದು ಅಂದಾಜು ಸಿಗಬಹುದು, ಆದರೆ ತೀರ್ಮಾನ ಮಾಡಬೇಕಾದವರು ಕಣ್ಣಿನ ಡಾಕ್ಟರು ಅಥವಾ ತರಬೇತಾದ ಆಪ್ಟೊಮೆಟ್ರಿಸ್ಟ್.

ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ಕನ್ನಡಕದ ಪರೀಕ್ಷೆ, ಅದೂ ಡ್ರಾಪ್ಸ್ ಹಾಕಿ. ಪ್ಲಸ್ ಪವರ್ ಇರುವ ಮಕ್ಕಳು ಕಣ್ಣಿನ ಸ್ನಾಯುವನ್ನು ಬಿಗಿ ಹಿಡಿದು ಚಾರ್ಟನ್ನು ಪೂರ್ತಿ ಓದಿಬಿಡುತ್ತಾರೆ. ಡ್ರಾಪ್ಸ್ ಹಾಕಿ ಆ ಬಿಗಿತ ಸಡಿಲಿಸಿದಾಗಲೇ ನಿಜವಾದ ಪವರ್ ಹೊರಬೀಳುವುದು. ಎಷ್ಟೋ ಸಲ ಸರಿಯಾದ ಕನ್ನಡಕ ಸಿಕ್ಕಿದ ಕೂಡಲೇ ತಲೆನೋವೂ ಹೋಗುತ್ತದೆ, ಥೆರಪಿಯ ಮಾತೇ ಬೇಡ. ಡ್ರಾಪ್ಸ್ ಹಾಕಿದ ದಿನ ಮಗುವಿಗೆ ಹತ್ತಿರದ್ದು ಮಸುಕಾಗುತ್ತದೆ, ಬಿಸಿಲು ಚುಚ್ಚುತ್ತದೆ. ಬಳಸಿದ ಮದ್ದಿನ ಮೇಲೆ ಅದು ಒಂದೆರಡು ದಿನವೂ ಇರಬಹುದು. ಪರೀಕ್ಷೆಯ ಹಿಂದಿನ ದಿನ ಹೋಗಬೇಡಿ, ಅಷ್ಟೆ.

ಥೆರಪಿ ಅಂದರೆ ಏನು ಮಾಡಿಸುತ್ತಾರೆ?

ಮಾತ್ರೆ, ಇಂಜೆಕ್ಷನ್, ಆಪರೇಷನ್ ಯಾವುದೂ ಇಲ್ಲ. ಒಂದು ನೂಲಿಗೆ ಬಣ್ಣದ ಮೂರು ಮಣಿ ಪೋಣಿಸಿ, ಒಂದು ತುದಿಯನ್ನು ಬಾಗಿಲ ಚಿಲಕಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಮೂಗಿನ ತುದಿಗೆ ಹಿಡಿಸುತ್ತಾರೆ. ಬ್ರಾಕ್ ಸ್ಟ್ರಿಂಗ್ ಅಂತ ಅದರ ಹೆಸರು. ಮಗು ಒಂದು ಮಣಿಯನ್ನು ನೋಡಿದಾಗ ನೂಲು ಎರಡಾಗಿ ಆ ಮಣಿಯ ಹತ್ತಿರ ಕತ್ತರಿಯಂತೆ ಸೇರಬೇಕು. ಹಾಗೆ ಕಂಡರೆ ಎರಡೂ ಕಣ್ಣು ಕೆಲಸ ಮಾಡುತ್ತಿವೆ ಅಂತ. ಒಂದೇ ನೂಲು ಕಂಡರೆ ಮೆದುಳು ಒಂದು ಕಣ್ಣನ್ನು ಆಫ್ ಮಾಡಿದೆ. ಹತ್ತು ರೂಪಾಯಿಯ ಮಣಿ, ನೂಲಿನಲ್ಲಿ ಮೆದುಳಿನ ಒಳಗಿನ ಸುದ್ದಿ ಗೊತ್ತಾಗುತ್ತದೆ. ಇನ್ನೊಂದು ಫ್ಲಿಪ್ಪರ್: ಒಂದು ಕಡೆ ಪ್ಲಸ್, ಒಂದು ಕಡೆ ಮೈನಸ್ ಗಾಜಿನ ಹಿಡಿಕೆಯನ್ನು ತಿರುಗಿಸುತ್ತಾ ಓದಿಸುವುದು. ಇದು ಫೋಕಸ್‌ಗೆ ವ್ಯಾಯಾಮ. ಕೆಂಪು ನೀಲಿ ಕನ್ನಡಕ ಹಾಕಿ ಕಂಪ್ಯೂಟರಿನಲ್ಲಿ ಆಡಿಸುವ ಆಟಗಳೂ ಉಂಟು.

ಇಲ್ಲಿ ಬಲ ಬರುವುದು ಕಣ್ಣಿನ ಸ್ನಾಯುವಿಗೆ ಅಂತ ಹಲವರು ತಿಳಿಯುತ್ತಾರೆ. ಹಾಗಲ್ಲ, ಸ್ನಾಯುವಿಗೆ ಬಲ ಮೊದಲೇ ಸಾಕಷ್ಟಿದೆ. ಎರಡು ಕಣ್ಣನ್ನು ಕೂಡಿಸಿ ನಡೆಸುವ ಮೆದುಳಿನ ಅಭ್ಯಾಸ ಬದಲಾಗಬೇಕು. ಸೈಕಲ್ ಕಲಿಯುವಾಗ ಕಾಲಿಗೆ ಹೊಸ ಬಲ ಬರುವುದಿಲ್ಲ, ಮೈಗೆ ತೂಕ ಹಿಡಿಯುವುದು ಗೊತ್ತಾಗುತ್ತದೆ. ಹಾಗೆಯೇ ಇದು.

ಇದು ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆಗೆ ಗಟ್ಟಿ ಉತ್ತರ ಸಿಕ್ಕಿದ್ದು ಅಮೆರಿಕದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ. ಕನ್ವರ್ಜೆನ್ಸ್ ಕೊರತೆ ಇರುವ 9ರಿಂದ 17 ವರ್ಷದ 221 ಮಕ್ಕಳನ್ನು ನಾಲ್ಕು ಗುಂಪು ಮಾಡಿದರು. ಮೊದಲ ಗುಂಪಿಗೆ 12 ವಾರ, ವಾರಕ್ಕೊಮ್ಮೆ ಕ್ಲಿನಿಕ್‌ನಲ್ಲಿ ಒಂದು ಗಂಟೆ ಥೆರಪಿ, ಜೊತೆಗೆ ವಾರದಲ್ಲಿ ಐದು ದಿನ ಮನೆಯಲ್ಲಿ ಕಾಲು ಗಂಟೆ ಅಭ್ಯಾಸ. ಎರಡನೆಯ ಗುಂಪಿಗೆ ಮನೆಯಲ್ಲೇ ಪೆನ್ಸಿಲನ್ನು ಮೂಗಿನ ಹತ್ತಿರ ತರುವ ಅಭ್ಯಾಸ. ಮೂರನೆಯದಕ್ಕೆ ಮನೆಯಲ್ಲಿ ಕಂಪ್ಯೂಟರ್ ಅಭ್ಯಾಸದ ಜೊತೆ ಪೆನ್ಸಿಲ್. ನಾಲ್ಕನೆಯ ಗುಂಪಿಗೆ ಕ್ಲಿನಿಕ್‌ನಲ್ಲೇ ಥೆರಪಿಯಂತೆ ಕಾಣುವ, ಆದರೆ ಆ ಕೊರತೆಯನ್ನು ತಿದ್ದದ ಹುಸಿ ಅಭ್ಯಾಸ. ಮೊದಲ ಗುಂಪಿನ ಶೇಕಡಾ 73 ಮಕ್ಕಳು ಗುಣವಾದರು ಇಲ್ಲವೇ ಸುಧಾರಿಸಿದರು. ಪೆನ್ಸಿಲ್ ಗುಂಪಿನಲ್ಲಿ 43, ಕಂಪ್ಯೂಟರ್ ಗುಂಪಿನಲ್ಲಿ 33, ಹುಸಿ ಅಭ್ಯಾಸದಲ್ಲಿ 35.

ಈ ನಾಲ್ಕು ಅಂಕಿಗಳನ್ನು ಸ್ವಲ್ಪ ನಿಂತು ನೋಡಬೇಕು. ಕ್ಲಿನಿಕ್ ಥೆರಪಿಗೆ ನಿಜವಾದ ಬಲ ಇದೆ ಎಂಬುದು ಸ್ಪಷ್ಟ. ಆದರೆ ಏನೂ ಗುಣವಿಲ್ಲದ ಹುಸಿ ಅಭ್ಯಾಸದಲ್ಲೂ ಮೂರರಲ್ಲಿ ಒಬ್ಬರು ಸುಧಾರಿಸಿದ್ದಾರೆ. "ನಮ್ಮ ಹತ್ತಿರ ಬಂದ ಮಗುವಿಗೆ ಒಳ್ಳೆಯದಾಯಿತು" ಅಂತ ಯಾರಾದರೂ ವಿಡಿಯೊ ತೋರಿಸಿದರೆ ಅದನ್ನೇ ಪುರಾವೆ ಅಂತ ನಂಬಬಾರದು ಅನ್ನುವುದು ಇದಕ್ಕೇ.

ಹಾಗಾದರೆ ಕಲಿಕೆ?

ಕಣ್ಣು ಸರಿಹೋದರೆ ಮಾರ್ಕ್ಸ್ ಬರುತ್ತದೆಯೇ? ಪೋಷಕರಿಗೆ ಬೇಕಾದ ಉತ್ತರ ಇದೇ. 2019ರಲ್ಲಿ ಅದೇ ಸಂಶೋಧಕರ ಬಳಗ ಈ ಪ್ರಶ್ನೆಯನ್ನೇ ಕೇಳಿತು. ಈ ಸಲ 9ರಿಂದ 14 ವರ್ಷದ 311 ಮಕ್ಕಳು, 16 ವಾರ. ಕಣ್ಣಿನ ಕೂಡುವ ಶಕ್ತಿ ಥೆರಪಿ ಪಡೆದ ಗುಂಪಿನಲ್ಲಿ ಚೆನ್ನಾಗಿ ಸುಧಾರಿಸಿತು. ಆದರೆ ಓದಿದ್ದನ್ನು ಅರ್ಥ ಮಾಡಿಕೊಳ್ಳುವ ಪರೀಕ್ಷೆಯಲ್ಲಿ ನಿಜವಾದ ಥೆರಪಿಯ ಗುಂಪಿಗೂ ಹುಸಿ ಥೆರಪಿಯ ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಎರಡೂ ಗುಂಪು ಸ್ವಲ್ಪ ಸ್ವಲ್ಪ ಮೇಲೆ ಬಂದವು, ಅಷ್ಟೆ.

ಥೆರಪಿ ಮಾರುವವರು ಈ ಎರಡನೆಯ ಫಲಿತಾಂಶವನ್ನು ಹೇಳುವುದು ಕಡಿಮೆ. ಥೆರಪಿಯನ್ನೇ ಒಪ್ಪದವರು ಮೊದಲನೆಯದನ್ನು ಮರೆಯುತ್ತಾರೆ. ಎರಡನ್ನೂ ಒಟ್ಟಿಗೆ ಇಟ್ಟರೆ ಚಿತ್ರ ಇಷ್ಟು: ಥೆರಪಿ ಪುಸ್ತಕದ ಮುಂದೆ ನೋವಿಲ್ಲದೆ ಕೂರಲು ದಾರಿ ಮಾಡಿಕೊಡುತ್ತದೆ, ಪಾಠವನ್ನು ಅದು ಕಲಿಸುವುದಿಲ್ಲ. ಎರಡು ವರ್ಷ ತಲೆನೋವಿನಲ್ಲಿ ಕಳೆದ ಮಗುವಿಗೆ ಆ ಎರಡು ವರ್ಷದ ಓದು ಬಾಕಿ ಇರುತ್ತದೆ. ಕಣ್ಣು ಸರಿಯಾದ ಮೇಲೆ ಯಾರಾದರೂ ಕೂತು ಅದನ್ನು ಹೇಳಿಕೊಡಬೇಕು. ನೋವಿಲ್ಲದೆ ಓದುವುದೇ ಒಂದು ದೊಡ್ಡ ಲಾಭ ಅಲ್ಲವೇ ಎಂದರೆ, ಹೌದು. ಆದರೆ ರ್‍ಯಾಂಕಿನ ಭರವಸೆ ಬೇರೆ.

ಡಿಸ್ಲೆಕ್ಸಿಯಾ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅಕ್ಷರ ತಿರುಗಿಸಿ ಬರೆಯುವುದು, ಒಂದು ಪದ ಹತ್ತು ಸಲ ಕಲಿಸಿದರೂ ಗುರುತಿಸದೆ ಇರುವುದು ನೋಡಿದರೆ ಕಣ್ಣಿನ ದೋಷ ಅಂತಲೇ ಅನಿಸುತ್ತದೆ. ಆದರೆ ಡಿಸ್ಲೆಕ್ಸಿಯಾದ ಬೇರು ಮುಖ್ಯವಾಗಿ ಭಾಷೆಯಲ್ಲಿದೆ. ಧ್ವನಿಯನ್ನು ಬಿಡಿಸಿ ಅಕ್ಷರಕ್ಕೆ ಜೋಡಿಸುವ ಮೆದುಳಿನ ಕೆಲಸದಲ್ಲಿ ಅದಕ್ಕೆ ಕಷ್ಟ. 2009ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ಕಣ್ಣಿನ ವೈದ್ಯರ ಸಂಘಟನೆಗಳ ಜೊತೆ ಸೇರಿ, ಡಿಸ್ಲೆಕ್ಸಿಯಾಕ್ಕೆ ಕಣ್ಣಿನ ವ್ಯಾಯಾಮ, ಬಣ್ಣದ ಗಾಜು ಇವುಗಳಿಂದ ಪ್ರಯೋಜನ ಇದೆ ಎನ್ನಲು ಪುರಾವೆ ಇಲ್ಲ ಅಂತ ಸ್ಪಷ್ಟವಾಗಿ ಹೇಳಿತು. ಆ ಮಗುವಿಗೆ ಬೇಕಾದದ್ದು ಧ್ವನಿ, ಅಕ್ಷರಗಳನ್ನು ಬಿಡಿಬಿಡಿಯಾಗಿ ತಾಳ್ಮೆಯಿಂದ ಕಲಿಸುವ ವಿಶೇಷ ಶಿಕ್ಷಣ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕಲಿಕಾ ನ್ಯೂನತೆಯನ್ನೂ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ಪ್ರಮಾಣಪತ್ರ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ರಿಯಾಯಿತಿ ಕೇಳಬಹುದು. ಒಂದೇ ಮಗುವಿಗೆ ಡಿಸ್ಲೆಕ್ಸಿಯಾವೂ ಕಣ್ಣಿನ ಕೊರತೆಯೂ ಒಟ್ಟಿಗೆ ಇರಬಹುದು. ಆಗ ಎರಡಕ್ಕೂ ಅದರದರ ಮದ್ದೇ ಆಗಬೇಕು.

ಸೋಮಾರಿ ಕಣ್ಣು: ಇಲ್ಲಿ ಕಾಯುವ ಹಾಗಿಲ್ಲ

ಮಗುವಿಗೆ ಮೆಳ್ಳೆ ಇದ್ದರೆ "ಅದೃಷ್ಟ" ಅನ್ನುವವರು ಈಗಲೂ ಇದ್ದಾರೆ. "ದೊಡ್ಡವನಾದಾಗ ತನ್ನಿಂದ ತಾನೇ ಸರಿಯಾಗ್ತದೆ" ಅನ್ನುವವರು ಇನ್ನೂ ಹೆಚ್ಚು. ಈ ಎರಡು ಮಾತು ಕಳೆದ ಕಣ್ಣುಗಳ ಲೆಕ್ಕ ಯಾರೂ ಇಟ್ಟಿಲ್ಲ. ಒಂದು ಕಣ್ಣು ತಿರುಗಿದ್ದರೆ, ಅಥವಾ ಒಂದು ಕಣ್ಣಿಗೆ ಮಾತ್ರ ಹೆಚ್ಚು ಪವರ್ ಇದ್ದರೆ, ಮೆದುಳು ಆ ಕಣ್ಣಿನಿಂದ ಬರುವ ಮಸುಕು ಚಿತ್ರವನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸುತ್ತದೆ. ಕಣ್ಣು ನೋಡಲು ಸರಿಯಾಗಿಯೇ ಇದ್ದರೂ ದೃಷ್ಟಿ ಬೆಳೆಯುವುದಿಲ್ಲ. ಇದೇ ಆಂಬ್ಲಿಯೋಪಿಯಾ, ಆಡುಮಾತಿನಲ್ಲಿ ಲೇಜಿ ಐ. ಡೇವಿಡ್ ಹ್ಯೂಬೆಲ್ ಮತ್ತು ಟೋರ್ಸ್ಟೆನ್ ವೀಸೆಲ್ ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಮುಚ್ಚಿಟ್ಟು ನಡೆಸಿದ ಪ್ರಯೋಗಗಳಿಂದ, ಎಳವೆಯಲ್ಲಿ ನೋಡದ ಕಣ್ಣಿಗೆ ಮೆದುಳಿನಲ್ಲಿ ಜಾಗವೇ ಉಳಿಯುವುದಿಲ್ಲ ಎಂಬುದು ಗೊತ್ತಾಯಿತು. 1981ರಲ್ಲಿ ಅವರಿಗೆ ನೊಬೆಲ್ ಬಂತು.

ಚಿಕಿತ್ಸೆ ಹಳೆಯದು, ಸರಳ: ಸರಿಯಾದ ಕನ್ನಡಕ, ಆಮೇಲೆ ಒಳ್ಳೆಯ ಕಣ್ಣಿಗೆ ದಿನಕ್ಕೆ ಇಂತಿಷ್ಟು ಹೊತ್ತು ಪ್ಯಾಚ್. ಕೆಲವು ಮಕ್ಕಳಿಗೆ ಕನ್ನಡಕ ಮಾತ್ರದಿಂದಲೇ ದೃಷ್ಟಿ ಏರುತ್ತದೆ. ಮಧ್ಯಮ ಪ್ರಮಾಣದ ಕೊರತೆಗೆ ದಿನಕ್ಕೆ ಎರಡು ಗಂಟೆ ಪ್ಯಾಚ್ ಆರು ಗಂಟೆಯಷ್ಟೇ ಫಲ ಕೊಡುತ್ತದೆ ಎಂದು 2003ರ ಅಧ್ಯಯನವೊಂದು ತೋರಿಸಿದ ಮೇಲೆ ಮಕ್ಕಳ ಕಷ್ಟ ಬಹಳ ಕಡಿಮೆಯಾಗಿದೆ. ಏಳು ವರ್ಷ ದಾಟಿದರೆ ಮುಗಿಯಿತು ಎಂಬ ಹಳೆಯ ನಂಬಿಕೆಯೂ ಪೂರ್ತಿ ನಿಜವಲ್ಲ. 2005ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 7ರಿಂದ 12 ವರ್ಷದ ಮಕ್ಕಳಲ್ಲಿ ಕನ್ನಡಕದ ಜೊತೆ ಪ್ಯಾಚ್ ಮೊದಲಾದ ಚಿಕಿತ್ಸೆ ಪಡೆದವರ ಪೈಕಿ ಶೇಕಡಾ 53 ಮಂದಿಗೆ ಸುಧಾರಣೆ ಕಂಡಿತು, ಬರೀ ಕನ್ನಡಕ ಪಡೆದವರಲ್ಲಿ 25. ಆದರೂ ಮೂರು ನಾಲ್ಕು ವರ್ಷದಲ್ಲಿ ಸಿಗುವ ಫಲ ಹದಿನಾಲ್ಕರಲ್ಲಿ ಸಿಗುವುದು ಕಷ್ಟ. ಅಂಗನವಾಡಿಗೆ ಹೋಗುವ ವಯಸ್ಸಿನಲ್ಲೇ ಒಮ್ಮೆ ಕಣ್ಣು ತೋರಿಸುವುದು ಇದಕ್ಕಾಗಿ. ಒಂದು ಕಣ್ಣು ಚೆನ್ನಾಗಿರುವ ಮಗು ಎಲ್ಲಾ ಕೆಲಸವನ್ನೂ ಮಾಡುತ್ತದೆ, ಮನೆಯವರಿಗೆ ಗೊತ್ತೇ ಆಗುವುದಿಲ್ಲ.

ಇಲ್ಲಿ ಒಂದು ಅಹಿತಕರ ವಿಷಯ. ಹೆಣ್ಣುಮಕ್ಕಳಿಗೆ ಕನ್ನಡಕ ಹಾಕಿಸಲು ಹಿಂಜರಿಯುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಮುಂದೆ ಮದುವೆಗೆ ತೊಡಕಾಗುತ್ತದೆ ಎಂದು ಆರು ವರ್ಷದ ಹುಡುಗಿಯ ಕನ್ನಡಕವನ್ನು ಪೆಟ್ಟಿಗೆಯಲ್ಲಿಟ್ಟರೆ, ಒಂದು ಕಣ್ಣಿನ ದೃಷ್ಟಿ ಜೀವನಪೂರ್ತಿ ಹೋಗಬಹುದು. ಕನ್ನಡಕ ಬಿಡಿಸುವ ವ್ಯಾಯಾಮಗಳಿಗೆ ಗಿರಾಕಿ ಸಿಗುವುದೂ ಈ ಹಿಂಜರಿಕೆಯಿಂದಲೇ.

ಆ ವ್ಯಾಯಾಮಗಳ ಕತೆ ನೂರು ವರ್ಷದ್ದು. ನ್ಯೂಯಾರ್ಕಿನ ವೈದ್ಯ ವಿಲಿಯಂ ಬೇಟ್ಸ್ 1920ರಲ್ಲಿ ಪುಸ್ತಕ ಬರೆದು, ಕಣ್ಣಿಗೆ ಅಂಗೈ ಮುಚ್ಚುವುದು, ಕಣ್ಣು ತಿರುಗಿಸುವುದು ಮುಂತಾದ ಅಭ್ಯಾಸದಿಂದ ಕನ್ನಡಕ ಬೇಡವಾಗುತ್ತದೆ ಅಂದರು. ಇವತ್ತು ಯೂಟ್ಯೂಬ್‌ನಲ್ಲಿ ಓಡಾಡುವ ಎಷ್ಟೋ ವಿಡಿಯೊಗಳು ಅದರ ಮೊಮ್ಮಕ್ಕಳು. ಮೈನಸ್ ಪವರ್ ಬರುವುದು ಸಾಮಾನ್ಯವಾಗಿ ಕಣ್ಣುಗುಡ್ಡೆ ಉದ್ದವಾಗಿ ಬೆಳೆದದ್ದರಿಂದ. ಉದ್ದವಾದ ಗುಡ್ಡೆಯನ್ನು ಯಾವ ವ್ಯಾಯಾಮವೂ ಗಿಡ್ಡ ಮಾಡಲಾರದು. ಅದು ಬಾರದಂತೆ, ಬಂದರೂ ಬೇಗ ಏರದಂತೆ ತಡೆಯುವ ದಾರಿಗಳು ಬೇರೆ. ಚೀನಾದ ಗುವಾಂಗ್‌ಝೌನಲ್ಲಿ ಒಂದನೆಯ ತರಗತಿಯ ಮಕ್ಕಳನ್ನು ಶಾಲಾ ದಿನಗಳಲ್ಲಿ 40 ನಿಮಿಷ ಹೆಚ್ಚಿಗೆ ಹೊರಗೆ ಬಿಟ್ಟು ಮೂರು ವರ್ಷ ನೋಡಿದಾಗ ಅವರಲ್ಲಿ ಹೊಸದಾಗಿ ಮೈನಸ್ ಬಂದವರು ಶೇಕಡಾ 30, ಹಾಗೆ ಬಿಡದ ಶಾಲೆಗಳಲ್ಲಿ ಸುಮಾರು 40. ಬೆಳಗ್ಗೆ ಮದ್ರಸ, ಹಗಲು ಶಾಲೆ, ಸಂಜೆ ಟ್ಯೂಷನ್, ರಾತ್ರಿ ಮೊಬೈಲ್ ಎಂಬ ದಿನಚರಿಯಲ್ಲಿ ಈ 40 ನಿಮಿಷ ಎಲ್ಲಿ ಸಿಗುತ್ತದೆ ಎಂದು ಮನೆಯವರೂ ಮದ್ರಸ ಕಮಿಟಿಯವರೂ ಕೂತು ಯೋಚಿಸಬಹುದು. ಪವರ್ ವೇಗವಾಗಿ ಏರುತ್ತಿದ್ದರೆ ಕಡಿಮೆ ಪ್ರಮಾಣದ ಅಟ್ರೊಪಿನ್ ಡ್ರಾಪ್ಸ್ ಬಗ್ಗೆ ಡಾಕ್ಟರನ್ನು ಕೇಳಿ.

ಹಣ ಕಟ್ಟುವ ಮೊದಲು

ದೊಡ್ಡ ಆಸ್ಪತ್ರೆಯೇ ಆಗಬೇಕೆಂದಿಲ್ಲ. ಶಾಲೆ, ಅಂಗನವಾಡಿಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ದೃಷ್ಟಿಯನ್ನೂ ನೋಡುತ್ತದೆ, ತೊಂದರೆ ಕಂಡರೆ ಮುಂದಕ್ಕೆ ಕಳಿಸುತ್ತದೆ. ಸರ್ಕಾರದ ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳಿಗೆ ಉಚಿತ ಕನ್ನಡಕದ ವ್ಯವಸ್ಥೆಯೂ ಉಂಟು. ಅಲ್ಲಿಂದ ಶುರು ಮಾಡಿ. ಚಾರ್ಟ್ ಪರೀಕ್ಷೆ ಸರಿ ಇದ್ದೂ ಓದುವ ಕಷ್ಟ ಉಳಿದಿದ್ದರೆ "ಎರಡು ಕಣ್ಣಿನ ಹೊಂದಾಣಿಕೆ ಪರೀಕ್ಷೆ ಮಾಡಿ" ಎಂದು ಬಾಯಿಬಿಟ್ಟು ಕೇಳಬೇಕು. ಕೇಳದಿದ್ದರೆ ಜನಜಂಗುಳಿಯ ಒಪಿಡಿಯಲ್ಲಿ ಅದು ಬಿಟ್ಟುಹೋಗುತ್ತದೆ.

ಥೆರಪಿ ಬೇಕು ಅಂತ ಹೇಳಿದರೆ ಮೊದಲು ಕಾಯಿಲೆಯ ಹೆಸರು ಬರೆಸಿಕೊಳ್ಳಿ. "ವಿಷನ್ ವೀಕ್" ಅನ್ನುವುದು ಕಾಯಿಲೆಯ ಹೆಸರಲ್ಲ. ಈಗಿನ ಅಳತೆ ಎಷ್ಟು, ಎಷ್ಟಕ್ಕೆ ಬರಬೇಕು, ಎಷ್ಟು ವಾರ, ನಡುವೆ ಯಾವಾಗ ಮತ್ತೆ ಅಳೆಯುತ್ತೀರಿ, ಸುಧಾರಿಸದಿದ್ದರೆ ಏನು ಎಂದು ಕೇಳಿ. ಮೂರು ನಾಲ್ಕು ತಿಂಗಳಾದರೂ ಅಳತೆ ಕದಲದಿದ್ದರೆ ಮುಂದುವರಿಸುವುದರಲ್ಲಿ ಅರ್ಥ ಕಡಿಮೆ. ಒಂದು ವರ್ಷದ ಪ್ಯಾಕೇಜಿಗೆ ಮುಂಗಡ ಕೇಳುವ, ಕನ್ನಡಕ ಬಿಸಾಡಿಸುವ, ಮಾರ್ಕ್ಸ್ ಗ್ಯಾರಂಟಿ ಕೊಡುವ ಜಾಗದಿಂದ ಎದ್ದು ಬರಬಹುದು. ಮಂಗಳೂರಿಗೆ ವಾರವಾರ ಹೋಗಿಬರುವ ಬಸ್ ಖರ್ಚು, ತಪ್ಪುವ ಶಾಲೆ ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮನೆಯ ಕಾಲು ಗಂಟೆಯ ಅಭ್ಯಾಸ ತಪ್ಪಿಸಿದರೆ ಕ್ಲಿನಿಕ್‌ನ ಗಂಟೆಯೂ ವ್ಯರ್ಥ. ದಿನಾ ಜೊತೆಗೆ ಕೂರುವವರು ಮನೆಯಲ್ಲಿ ಯಾರು ಅಂತ ಮೊದಲೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು.

ಕೆಲವು ಲಕ್ಷಣಗಳಿಗೆ ಥೆರಪಿಯ ಮಾತೇ ಇಲ್ಲ, ಅದೇ ದಿನ ಡಾಕ್ಟರ ಹತ್ತಿರ ಓಡಬೇಕು. ನಿನ್ನೆಯವರೆಗೆ ಸರಿ ಇದ್ದ ಮಗುವಿಗೆ ಇವತ್ತು ಎರಡೆರಡು ಕಾಣುವುದು, ಇದ್ದಕ್ಕಿದ್ದಂತೆ ಕಣ್ಣು ತಿರುಗುವುದು, ಬೆಳಗ್ಗೆ ಏಳುವಾಗ ತಲೆನೋವಿನ ಜೊತೆ ವಾಂತಿ, ಕಣ್ಣಿನ ಕಪ್ಪು ಪಾಪೆಯಲ್ಲಿ ಅಥವಾ ಫ್ಲ್ಯಾಶ್ ಹಾಕಿ ತೆಗೆದ ಫೋಟೊದಲ್ಲಿ ಬಿಳಿ ಹೊಳಪು ಇವೆಲ್ಲ ಅಂಥವು.

ಉಳಿದವರು ಸಮಾಧಾನದಿಂದ ಹೋಗಬಹುದು. ಹೋಗುವಾಗ ಹಳೆಯ ಕನ್ನಡಕ, ಹಳೆಯ ಚೀಟಿಗಳ ಜೊತೆಗೆ ಮಗುವಿನ ನೋಟ್‌ಬುಕ್, ಒಂದು ಪಾಠಪುಸ್ತಕ, ಮದ್ರಸದ ಕಿತಾಬು ಕೂಡ ಚೀಲದಲ್ಲಿ ಇರಲಿ. ಅದು ಯಾವ ಅಕ್ಷರದಲ್ಲಿ, ಎಷ್ಟು ದೂರದಲ್ಲಿ ಹಿಡಿದು ಓದುವಾಗ ಕಷ್ಟಪಡುತ್ತದೆ ಎಂದು ಪರೀಕ್ಷಿಸುವವರ ಎದುರಲ್ಲೇ ಓದಿಸಿ ತೋರಿಸಬಹುದು. ಸಾಧ್ಯವಾದರೆ ಟೀಚರ್ ಹತ್ತಿರವೂ ಉಸ್ತಾದರ ಹತ್ತಿರವೂ ಎರಡು ಸಾಲು ಬರೆಸಿಕೊಂಡು ಹೋಗಿ, ಎಷ್ಟು ಹೊತ್ತಿನ ನಂತರ ಮಗು ಕಣ್ಣು ಉಜ್ಜಲು ಶುರು ಮಾಡುತ್ತದೆ ಎಂಬುದು ಮನೆಯವರಿಗಿಂತ ಹೆಚ್ಚು ಅವರಿಗೆ ಗೊತ್ತಿರುತ್ತದೆ.